ತೂತಿನ ಪಾತ್ರೆಯ ಪುನರಾಗಮನ

ತೂನಿಸ್
ನವೆಂಬರ್ 12, ಮಂಗಳವಾರ

ಪ್ರೀತಿಯ ಶಾದಲಿಯವರಿಗೆ (ಈ ‘ಪ್ರೀತಿಯ’ ಎಂಬುದು ಪತ್ರದ ಪದ್ಧತಿ, ಅದನ್ನೇ ಹಿಡಿದುಕೊಂಡು ಕುಣಿಯಬೇಡಿ), ಸಲಾಂ.

ಸಮಸ್ತರಿಗೂ ಈ ಮೂಲಕ ಪ್ರಕಟಪಡಿಸುವುದೇನೆಂದರೆ: ನಿನ್ನೆ ಸೋಮವಾರ, ಮಧ್ಯಾಹ್ನ ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ, ಮೂರು ವರ್ಷ ಎರಡು ತಿಂಗಳ ವನವಾಸ ಮುಗಿಸಿಕೊಂಡು, ಹಂಡೆಯ ಮೇಲೆ ಕೂತು ಹಬೆಯಲ್ಲಿ ಕುಸ್ಕುಸ್ ರವೆ ಬೇಯಿಸುವ ನಮ್ಮ ಮನೆಯ ತೂತಿನ ಪಾತ್ರೆಯು ಮಾರ್ಸೇ ಪಟ್ಟಣದಿಂದ ವಿಮಾನ ಮಾರ್ಗವಾಗಿ ಸ್ವದೇಶಕ್ಕೆ ಬಿಜಯಂಗೈದಿದೆ. ಪಾತ್ರೆ ಕ್ಷೇಮವಾಗಿದೆ. ಪ್ರಯಾಣದಿಂದ ಆಯಾಸಗೊಂಡಂತೆ ಕಾಣಲಿಲ್ಲ. ಅದನ್ನು ಹೊತ್ತು ತಂದ ಮನುಷ್ಯನ ಬಗ್ಗೆ ಸದ್ಯಕ್ಕೆ ಯಾವ ಪ್ರಕಟಣೆಯೂ ಇಲ್ಲ.

ನನಗೆ ಹೇಗೆ ಗೊತ್ತಾಯಿತು ಎಂದು ನಿಮ್ಮ ತಂಗಿ ಝೊಹ್ರಾಳನ್ನು ಬೈಯುತ್ತಿದ್ದೀರಿ ತಾನೆ? ಪಾಪ, ಅವಳನ್ನು ಬಿಟ್ಟುಬಿಡಿ. ಅವಳು ಫೋನ್ ಮಾಡಿದ್ದು ನಿಜ. “ಅಣ್ಣ ಬಂದಿದಾನೆ ಅತ್ತಿಗೆ, ಹದಿನೈದು ದಿನಕ್ಕಂತೆ. ನಿಮಗೆ ಹೇಳಲೇಬೇಡ ಅಂತ ಆಣೆ ಹಾಕಿಸ್ಕೊಂಡಿದಾನೆ, ಅದಕ್ಕೇ ಹೇಳ್ತಿದೀನಿ” ಅಂದಳು. ಆದರೆ ಅದು ಸಂಜೆ ಐದಕ್ಕೆ. ನೀವು ಬಂದದ್ದು ಅದಕ್ಕೂ ಐದು ಗಂಟೆ ಮೊದಲೇ, ನಿಮಗಿಂತಲೂ ಮೊದಲೇ, ನನಗೆ ಗೊತ್ತಿತ್ತು.

ನೀವು ವಿಮಾನದಿಂದಿಳಿದು, ಪಾಸ್‌ಪೋರ್ಟಿನ ಸಾಲಿನಲ್ಲಿ ನಿಂತು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಾಗ, ನಿಮ್ಮ ಪೆಟ್ಟಿಗೆ ಒಬ್ಬಂಟಿಯಾಗಿ ಗೋಡೆಯ ಹಿಂದೆ ನಮ್ಮ ಸುಂಕದ ಕಚೇರಿಯ ಎಕ್ಸ್‌ರೇ ಯಂತ್ರದ ಹೊಟ್ಟೆಯೊಳಗೆ ಹಾದುಬರುತ್ತಿತ್ತು. ಬಂದ ಪ್ರಯಾಣಿಕರ ಸಾಮಾನೆಲ್ಲ ಅವರ ಕೈಸೇರುವ ಮೊದಲು ಅಲ್ಲಿ ನನ್ನೆದುರು ಬೆತ್ತಲಾಗುತ್ತದೆ. ತಿನ್ನುವುದು ಉಡುವುದು ಕಿತ್ತಳೆ ಬಣ್ಣ, ಲೋಹವೆಲ್ಲ ನೀಲಿ. ಒಂದು ಪೆಟ್ಟಿಗೆಗೆ ಆರು ಸೆಕೆಂಡು. ಸಂಶಯ ಬಂದರೆ ನಾನು “ಶಿಲುಬೆ!” ಎನ್ನುತ್ತೇನೆ, ಸಾಮಾನು ಇಳಿಸುವವನು ಸೀಮೆಸುಣ್ಣದಲ್ಲಿ ಪೆಟ್ಟಿಗೆಯ ಮೇಲೆ ಅಡ್ಡಗೆರೆ ಉದ್ದಗೆರೆ ಎಳೆಯುತ್ತಾನೆ. ಗುರುತು ಬಿದ್ದ ಪೆಟ್ಟಿಗೆಯವರನ್ನು ಹೊರಗೆ ಮೇಜಿನ ಹತ್ತಿರ ಕರೆದು ಬಿಚ್ಚಿಸುತ್ತಾರೆ.

ಅಂದಹಾಗೆ ಸೋಮವಾರದ ಮಾರ್ಸೇ ವಿಮಾನ ನನ್ನ ಪಾಳಿಗೆ ಬಂದದ್ದು ಶುದ್ಧ ಆಕಸ್ಮಿಕ. ಮೂರು ವರ್ಷಗಳಿಂದ ಪ್ರತಿ ಸೋಮವಾರವೂ ಆಕಸ್ಮಿಕವೇ. ಬಸ್ಸಿನ ಅನುಕೂಲ ನೋಡಿಕೊಂಡು ಹಾಕಿಸಿಕೊಂಡಿದ್ದೇನೆ, ಅಷ್ಟೇ.

ಹನ್ನೊಂದು ಪೆಟ್ಟಿಗೆ ಹೋದವು. ಕಾಫಿಪುಡಿ, ಚೀಸು, ಯಾರದೋ ಮದುವೆಗೆ ಆರು ಮಿಕ್ಸಿ. ಹನ್ನೆರಡನೆಯದರಲ್ಲಿ ಪರದೆಯ ನಟ್ಟನಡುವೆ ಚಂದ್ರ ಮೂಡಿದ ಹಾಗೆ ಒಂದು ನೀಲಿ ವೃತ್ತ, ಅದರ ತುಂಬ ತೂತು. ಕುಸ್ಕುಸ್ ಪಾತ್ರೆ ಯಾರ ಬಳಿ ಇಲ್ಲ ಹೇಳಿ? ನಾನೂ ಕಳಿಸಿಯೇಬಿಡುತ್ತಿದ್ದೆ. ಆದರೆ ಬಲಗಡೆ ಎಲ್ಲರ ಪಾತ್ರೆಗೂ ಇರುವಂಥ ಹಿಡಿ. ಎಡಗಡೆ ಬಾಗಿಲ ಹಿಡಿ. ಹೂವಿನ ಕೆತ್ತನೆಯ, ಬಚ್ಚಲು ಬಾಗಿಲಿನ ಹಿತ್ತಾಳೆ ಹಿಡಿ. ನಮ್ಮ ಮದುವೆಯಾದ ಎರಡನೇ ವರ್ಷ ಪಾತ್ರೆಯ ಹಿಡಿ ಮುರಿದಾಗ, “ಕಂಚುಗಾರನ ಹತ್ರ ಯಾಕೆ? ನನ್ನ ಕೈ ಏನು ಸತ್ತುಹೋಗಿದ್ಯಾ?” ಎಂದು ಅದನ್ನು ಜೋಡಿಸಿದ ಮಹಾಶಯರು ಈ ಭೂಮಂಡಲದಲ್ಲಿ ಒಬ್ಬರೇ. ಅಂದಿನಿಂದ ನಮ್ಮ ಬಚ್ಚಲು ಬಾಗಿಲನ್ನು ಹಗ್ಗ ಎಳೆದು ಹಾಕುತ್ತೇವೆ. ಈಗಲೂ.

ಬೆಲ್ಟ್ ನಿಲ್ಲಿಸಿದೆ. ಆರು ಸೆಕೆಂಡಿನ ಜಾಗದಲ್ಲಿ ನಲವತ್ತು ಸೆಕೆಂಡು ನೋಡಿದೆ.

ಈ ವೃತ್ತಿ ನನಗೆ ಒಂದು ವಿದ್ಯೆ ಕಲಿಸಿದೆ. ಜನ ಬೇಕಾದ್ದನ್ನು ಪೆಟ್ಟಿಗೆಯ ಅಂಚಿಗೆ ತುರುಕುತ್ತಾರೆ, ಮುದ್ದಿನದನ್ನು ನಡುವೆ ಇಡುತ್ತಾರೆ. ನಿಮ್ಮ ಕ್ಷೌರದ ಕತ್ತರಿ, ಯಂತ್ರ, ಕಲ್ಲು ಎಲ್ಲ ಮೂಲೆಯಲ್ಲಿ ಬಿದ್ದಿದ್ದವು. ಅನ್ನ ಕೊಡುವ ಸಾಮಾನು! ಪಾತ್ರೆ ಮಾತ್ರ ಮೂರು ಉಣ್ಣೆ ಅಂಗಿಗಳ ನಡುವೆ ತೊಟ್ಟಿಲ ಕೂಸಿನಂತೆ ಮಲಗಿತ್ತು. ಪೆಟ್ಟಿಗೆಯ ಒಂದು ಬದಿಯಲ್ಲಿ ಮಾತ್ರೆಯ ಪಟ್ಟಿಗಳೂ ಇದ್ದವು, ಒಂದು ಡಬ್ಬಿ ತುಂಬ. ಯಾವ ಮಾತ್ರೆ? ಯಾವಾಗಿನಿಂದ? ಇದಕ್ಕೆ ಉತ್ತರ ಬೇಕು. ನನ್ನ ಫೋಟೋ ಇತ್ತೋ ಇಲ್ಲವೋ ಗೊತ್ತಿಲ್ಲ, ನಮ್ಮ ಯಂತ್ರದಲ್ಲಿ ಕಾಗದ ಕಾಣುವುದಿಲ್ಲ. ಇತ್ತು ಎಂದು ಸುಳ್ಳು ಹೇಳಲು ನಿಮಗೆ ಅವಕಾಶವಿದೆ.

ಈಗ ನಿಯಮ ಕೇಳಿ. ಸಂಬಂಧಿಕರ ಸಾಮಾನು ಕಂಡರೆ ಕುರ್ಚಿಯಿಂದ ಎದ್ದು ನಿಲ್ಲಬೇಕು, ಎಲ್ಲರಿಗೂ ಕೇಳುವಂತೆ ಯಾರದೆಂದು ಹೇಳಬೇಕು, ಪುಸ್ತಕದಲ್ಲಿ ಹೆಸರು, ಸಂಬಂಧ ಬರೆದು ಇನ್ನೊಬ್ಬರಿಗೆ ಜಾಗ ಬಿಡಬೇಕು. ಸುಮ್ಮನೆ ಕಳಿಸಿಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. “ಶಿಲುಬೆ!” ಎಂದು ಕೂಗಿ ನಿಮ್ಮ ಒಳಂಗಿಗಳನ್ನು ಮಾರ್ಸೇ ವಿಮಾನದ ನೂರೈವತ್ತು ಜನರೆದುರು ಹರಡಿಸಬಹುದಿತ್ತು, ಒಂದೇ ಒಂದು ಕ್ಷಣ, ದೇವರಾಣೆ, ಆ ಆಸೆಯೂ ಬಂತು. ಎರಡನ್ನೂ ಮಾಡಲಿಲ್ಲ. ಎದ್ದು ನಿಂತೆ. “ಇದು ನನ್ನ ಗಂಡನ ಪೆಟ್ಟಿಗೆ” ಅಂದೆ.

ಮೂರು ವರ್ಷಗಳಲ್ಲಿ ‘ನನ್ನ ಗಂಡ’ ಎಂಬ ಎರಡು ಪದಗಳನ್ನು ಒಟ್ಟಿಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಪಕ್ಕದ ಪರದೆಯ ತೌಹಾಮಿಯ ಕೈಯಿಂದ ಚಹಾ ಲೋಟ ಜಾರಿ ಬಿತ್ತು. ಮೇಜಿನ ತಪಾಸಣೆಯ ವಾಸಿಲಾ, ಆರು ಅಡಿಯ ಹೆಂಗಸು, ಗೋಡೆ ಹಿಡಿದುಕೊಂಡಳು. ಅವರು ಅಷ್ಟೊಂದು ಬೆಚ್ಚಿದ್ದಕ್ಕೆ ಒಂದು ಕಾರಣವಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಈಗ ಧೈರ್ಯವಿಲ್ಲ.

ತೌಹಾಮಿ ನನ್ನ ಕುರ್ಚಿಯಲ್ಲಿ ಕೂತು, ಕತ್ತರಿಗಳ ರಾಶಿ ನೋಡಿ, “ಕ್ಷಮಿಸಕ್ಕಾ, ಬಿಚ್ಚಲೇಬೇಕು” ಎಂದು ಗುರುತು ಹಾಕಿಸಿದ. ಆದ್ದರಿಂದ ಆ ಶಿಲುಬೆ ನನ್ನದಲ್ಲ. ಮುಂದೆ ಎಂದಾದರೂ ಜಗಳದಲ್ಲಿ ಆ ಮಾತೆತ್ತುವ ಹಾಗಿಲ್ಲ.

ಮೇಜಿನ ಹತ್ತಿರ ನಡೆದದ್ದನ್ನು ವಾಸಿಲಾ ನನಗೆ ಅಕ್ಷರ ಬಿಡದೆ ಒಪ್ಪಿಸಿದ್ದಾಳೆ. ನೀವು ನಿಮ್ಮ ಮರ್ಯಾದೆಗೆ ತಕ್ಕಂತೆ ತಿರುಚಿ ಹೇಳುವ ಮೊದಲು ಸರಿಯಾದ ಪ್ರತಿ ಇಲ್ಲಿರಲಿ.

“ಎಷ್ಟು ದಿನಕ್ಕೆ ಬಂದಿದೀರಿ?” ಎಂದಳಂತೆ. “ಹದಿನೈದು ದಿನ” ಎಂದಿರಂತೆ. “ಹದಿನೈದು ದಿನಕ್ಕೆ ಹದಿನಾಲ್ಕು ಕತ್ತರಿ. ದಿನಕ್ಕೊಂದು ಅಂದ್ರೂ ಒಂದು ಕಮ್ಮಿ ಬಿತ್ತಲ್ಲಣ್ಣ?” “ಅಭ್ಯಾಸ, ಮೇಡಂ.” “ಉಣ್ಣೆ ಕೋಟೂ ಅಭ್ಯಾಸವಾ? ಬೇಸಿಗೆ ಚಪ್ಪಲಿನೂ ಅಭ್ಯಾಸವಾ? ಇಡೀ ವರ್ಷನೇ ಮಡಚಿ ತಂದಿದೀರಲ್ಲ!” ಇದಕ್ಕೆ ನೀವು ಕೆಮ್ಮಿದಿರಂತೆ. “ಈ ಪಾತ್ರೆ ಮಾರೋದಕ್ಕಾ?” “ಅಯ್ಯೋ ಇದನ್ಯಾರು ಕೊಳ್ತಾರೆ? ಹಿಡಿ ನೋಡಿ, ಬಾಗಿಲಿಂದು.” “ಮತ್ಯಾಕೆ ಹೊತ್ಕೊಂಡು ಬಂದ್ರಿ? ತೂನಿಸಿಗೆ ಕುಸ್ಕುಸ್ ಪಾತ್ರೆ ತರೋದೂ ಒಂದೇ, ತೋಜರ್ ಊರಿಗೆ ಖರ್ಜೂರ ಹೊರೋದೂ ಒಂದೇ.”

ಆಗ ನೀವು ಪಾತ್ರೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತ, “ಇದರ ಕೆಳಗಿನದು ಇಲ್ಲಿದೆ, ಮೇಡಂ” ಎಂದಿರಂತೆ.

ವಾಸಿಲಾ ಪೆಟ್ಟಿಗೆ ಮುಚ್ಚಿದಳು. ಗುರುತನ್ನು ತೋಳಿನಿಂದಲೇ ಒರೆಸಿ ಕಳಿಸಿದಳು. ಹೊರಡುವಾಗ ನಿಮ್ಮ ಮಣಿಕಟ್ಟು ಹಿಡಿದು ಒತ್ತಿ ನೋಡಿದಳಲ್ಲ, ಅದು ತಪಾಸಣೆಯ ಭಾಗವಲ್ಲ. ಅದರ ಕಾರಣವೂ ಕೊನೆಯಲ್ಲಿದೆ.

ನಾನು ಕಂಬದ ಹಿಂದೆ ಇದ್ದೆ, ಹತ್ತಿರ ಬರುವಂತಿಲ್ಲ. ನಿಯಮ. ಹಿಂದಿನಿಂದ ಕಂಡಿರಿ. ನೆತ್ತಿಯ ಕೂದಲು ತೆಳುವಾಗಿದೆ. ಕ್ಷೌರಿಕನ ತಲೆಗೆ ಅದು ಶೋಭೆಯಲ್ಲ. ಬಾಗಿಲ ಹತ್ತಿರ ನಿಂತು ಎರಡು ಸಲ ಹಿಂತಿರುಗಿ ನಮ್ಮ ಕೋಣೆಯ ಕಡೆ ನೋಡಿದಿರಿ. ನಾನು ಅಲ್ಲಿರುವುದನ್ನು ಝೊಹ್ರಾ ಹೇಳಿರಬೇಕು. ಮೂರನೇ ಸಲ ನೋಡಿದ್ದರೆ ನಾನು ನಿಯಮ ಮುರಿಯುತ್ತಿದ್ದೆನೋ ಏನೋ. ನೀವು ನೋಡಲಿಲ್ಲ. ಟ್ಯಾಕ್ಸಿ ಹತ್ತಿ ನೇರ ತಂಗಿಯ ಮನೆಗೆ ಹೋದಿರಿ.

ಕೋಪ ಬಂತು. ಆಮೇಲೆ ಮನೆಗೆ ಬಂದು ಕೆಳಗಿನ ಹಂಡೆಯನ್ನು ಅಟ್ಟದಿಂದ ಇಳಿಸಿದೆ. ಮೂರು ವರ್ಷ ಅದರಲ್ಲಿ ಏನೆಲ್ಲ ಮಾಡಿದ್ದೇನೆ ಎಂದು ಹೇಳಿದರೆ ನಿಮ್ಮ ತಾಯಿ ಗೋರಿಯಿಂದ ಎದ್ದು ಬರುತ್ತಾರೆ. ಕಡಲೆ ನೆನೆಹಾಕಿದ್ದೇನೆ, ಪರದೆ ತೊಳೆದಿದ್ದೇನೆ, ಒಂದು ಮಳೆಗಾಲ ಸೋರುವ ಸೂರಿನ ಕೆಳಗೂ ಇಟ್ಟಿದ್ದೇನೆ. ಕುಸ್ಕುಸ್ ಮಾತ್ರ ಮಾಡಿಲ್ಲ. ಅಂಗಡಿಯಲ್ಲಿ ಹೊಸ ತೂತಿನ ಪಾತ್ರೆ ಸಿಗುತ್ತಿತ್ತು. ತರಲಿಲ್ಲ. ನೀವೂ ಅಲ್ಲಿ ಹೊಸ ಹಂಡೆ ತಂದಿಲ್ಲ ಎಂದು ಪೆಟ್ಟಿಗೆ ಹೇಳಿತು.

ನೀವು ಮನೆ ಬಿಟ್ಟ ದಿನದ ಜಗಳದಲ್ಲಿ ಅಂದ ಮಾತು ಒಂದು ನನಗೆ ಚುಚ್ಚಿಕೊಂಡೇ ಇದೆ. “ಮನೆಗೆ ಬಂದ ಗಂಡನ ಮುಖ ನೋಡ್ತಾಳೆ ಹೆಂಡ್ತಿ. ನೀನು ಜೇಬು ನೋಡ್ತೀಯ. ನಿನಗೆ ಬೇಕಾಗಿರೋದು ಗಂಡ ಅಲ್ಲ ಬಹೀಜಾ, ಪ್ರಯಾಣಿಕ!” ಎಂದಿರಿ. ನಾನು, “ಹಾಗಾದ್ರೆ ಪ್ರಯಾಣ ಮಾಡಿ” ಅಂದೆ. ನೀವು, “ಮೇಲಿನ ಪಾತ್ರೆ ನಮ್ಮಮ್ಮ ಕೊಟ್ಟಿದ್ದು, ಕೆಳಗಿನದು ನಿಮ್ಮಮ್ಮಂದು, ನಿಂದು ನೀನಿಟ್ಕೋ” ಎಂದು ಅದನ್ನು ಬಗಲಲ್ಲಿಟ್ಟುಕೊಂಡು ಮೆಟ್ಟಿಲಿಳಿದಿರಿ. ಬೀದಿಯವರೆಲ್ಲ ನೋಡಿದರು. ಮನೆ ಬಿಡುವ ಗಂಡಸರನ್ನು ಕಂಡಿದ್ದೇನೆ, ಅರ್ಧ ಪಾತ್ರೆ ಹೊತ್ತು ಬಿಡುವವರನ್ನು ಕಂಡಿರಲಿಲ್ಲ.

ನಗು ಬರುತ್ತಿತ್ತು ಆಗಲೂ. ನಕ್ಕುಬಿಟ್ಟಿದ್ದರೆ ನೀವು ಹೋಗುತ್ತಿರಲಿಲ್ಲ. ನಗಲಿಲ್ಲ, ಅದು ನನ್ನ ತಪ್ಪು. ಜೇಬು ನೋಡುತ್ತಿದ್ದುದೂ ನಿಜ. ಅಲ್ಲಿ ಏನೂ ಸಿಗುತ್ತಿರಲಿಲ್ಲ ಎಂಬುದೂ ನಿಜ.

ಆದ್ದರಿಂದ ಈ ಮನೆಯ ಮಟ್ಟಿಗೆ ಇಂದಿನಿಂದ ತಪಾಸಣೆ ರದ್ದು. ಒಳಬರುವವರಿಗೆ ಪೆಟ್ಟಿಗೆ ಬಿಚ್ಚಿಸದ ಹಸಿರು ದಾರಿ. ಘೋಷಿಸುವುದೇನಾದರೂ ಇದ್ದರೆ ಅವರೇ ಬಾಯಿಬಿಟ್ಟು ಘೋಷಿಸತಕ್ಕದ್ದು. ಮಾತ್ರೆಯ ವಿಷಯ ಮೊದಲು. ನನ್ನ ಕಡೆಯ ಘೋಷಣೆ: ನೀವು ಹದಿನೈದು ದಿನಕ್ಕೆ ಬಂದಿಲ್ಲ ಎಂದು ನನಗೆ ಗೊತ್ತು, ಅಷ್ಟಕ್ಕೇ ಬಂದಿರಬಾರದು ಎಂದೂ ನನ್ನ ಆಸೆ. ನಮ್ಮ ಬೀದಿಯ ಮೂಲೆಯ ಮುದುಕ ಕ್ಷೌರಿಕ ಆಗಸ್ಟಿನಲ್ಲಿ ಅಂಗಡಿ ಮುಚ್ಚಿ ಮಗಳ ಊರಿಗೆ ಹೋದ. ಕನ್ನಡಿ, ಎರಡು ಕುರ್ಚಿ ಹಾಗೇ ಇವೆ. ಬಾಗಿಲಿಗೆ ಬೀಗವಿದೆ. ನಾನು ಸುಮ್ಮನೆ ಸುದ್ದಿ ಹೇಳಿದೆ.

ಭಾನುವಾರ ಹನ್ನೊಂದು ಗಂಟೆಗೆ ಪಾತ್ರೆ ತನ್ನಿ. ಕುರಿಮಾಂಸ, ಕಡಲೆ, ಕುಂಬಳಕಾಯಿ ನಾನು ತರುತ್ತೇನೆ. ಹರೀಸಾ ಖಾರ ರುಬ್ಬಿಟ್ಟಿದ್ದೇನೆ. ಎರಡು ಪಾತ್ರೆಯ ಸಂದಿಗೆ ಸುತ್ತುವ ಬಟ್ಟೆಯ ಪಟ್ಟಿ ಸಿಕ್ಕಿತು, ಒಗೆದು ಒಣಹಾಕಿದ್ದೇನೆ. ಹಿಟ್ಟಿನಲ್ಲಿ ಅದ್ದಿ ಅದನ್ನು ಸುತ್ತುವುದು ಯಾವಾಗಲೂ ನಿಮ್ಮ ಕೆಲಸ. ನಾನು ಸುತ್ತಿದರೆ ಹಬೆ ಹೊರಗೆ ಹೋಗುತ್ತದೆ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಮ್ಮಿಬ್ಬರಿಗೂ ಮೂರನೇ ವಾಕ್ಯಕ್ಕೆ ಜಗಳ ಹತ್ತುತ್ತದೆ. ಪತ್ರದಲ್ಲಿ ನೀವು ನಡುವೆ ಬಾಯಿ ಹಾಕಲಾರಿರಿ. ಇದನ್ನು ತೌಹಾಮಿ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನು ನಿಮ್ಮನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರೆ ತಪ್ಪು ತಿಳಿಯಬೇಡಿ, ಬೆರಳಿನಿಂದ ತಿವಿದರೂ ಸಹಿಸಿಕೊಳ್ಳಿ.

ಇಂತಿ,
ಕೆಳಗಿನ ಪಾತ್ರೆಯ ಒಡತಿ
ಬಹೀಜಾ

ತಾ.ಕ.: ನೀವು ಸತ್ತು ಮೂರು ವರ್ಷವಾಗಿದೆ.

ಕೂತುಕೊಂಡು ಓದಿ. ನೀವು ಹೋದ ವಾರವೇ ನನಗೆ ಬಂದರಿನಿಂದ ವಿಮಾನ ನಿಲ್ದಾಣಕ್ಕೆ ವರ್ಗವಾಯಿತು. ಮೊದಲ ದಿನವೇ ವಾಸಿಲಾ, “ಯಜಮಾನ್ರು ಏನ್ ಮಾಡ್ತಾರೆ?” ಎಂದು ಕೇಳಿದಳು. ಅರ್ಧ ಪಾತ್ರೆಯ ಕಥೆ ಹೇಳಲು ನಾಲಗೆ ಏಳಲಿಲ್ಲ. “ತೀರಿಕೊಂಡ್ರು, ಹೃದಯಾಘಾತ” ಅಂದುಬಿಟ್ಟೆ. ಎಲ್ಲರೂ ಅತ್ತರು. ನಾನೂ ಅತ್ತೆ, ಅದು ಸುಳ್ಳಲ್ಲ. ವಾಸಿಲಾ ಒಂದು ವಾರ ಮನೆಯಿಂದ ಊಟ ತಂದಳು. ತಿಂಗಳಿಗೊಂದು ಶುಕ್ರವಾರ ಬೆಳಿಗ್ಗೆ ನಿಮ್ಮ ಗೋರಿಗೆ ಹೋಗಿಬರಲು ಅನುಮತಿಯೂ ಸಿಕ್ಕಿತು. ಗೋರಿಗೆ ಹೋಗುತ್ತಿದ್ದೆ, ಅಮ್ಮನದಕ್ಕೆ. ಅಲ್ಲಿ ಅವಳಿಗೆ ನಿಮ್ಮ ಮೇಲೆ ಚಾಡಿ ಹೇಳಿ ಬರುತ್ತಿದ್ದೆ.

ಈಗ ನಮ್ಮ ಮೇಲಧಿಕಾರಿ ಅಬ್ದುಲ್ ಖಾಲಿಕ್ ಸಾಹೇಬರಿಗೆ ಸಂಕಟ ಬಂದಿದೆ. ಪುಸ್ತಕದಲ್ಲಿ ನಾನು ‘ಸಂಬಂಧ: ಗಂಡ’ ಎಂದು ಬರೆದಿದ್ದೇನೆ, ಅವರ ಕಡತದಲ್ಲಿ ನಾನು ವಿಧವೆ. “ಎರಡರಲ್ಲಿ ಒಂದು ತಿದ್ದಬೇಕಲ್ಲಮ್ಮಾ, ಯಾವುದನ್ನ ತಿದ್ದಲಿ?” ಎಂದು ಕನ್ನಡಕ ತೆಗೆದು ಕೇಳಿದರು. “ಕಡತವನ್ನ” ಅಂದೆ. ಬೈದರು, ಶುಕ್ರವಾರದ ಅನುಮತಿ ಕಿತ್ತುಕೊಂಡರು, ಆಮೇಲೆ ಮುಖ ಆ ಕಡೆ ತಿರುಗಿಸಿ ನಕ್ಕರು. ವಾಸಿಲಾ ನಿನ್ನೆಯಿಡೀ ನನ್ನೊಡನೆ ಮಾತಾಡಲಿಲ್ಲ, ಇವತ್ತು ಬಂದು ಮೇಜಿನ ಕಥೆಯನ್ನೆಲ್ಲ ಒಪ್ಪಿಸಿ, “ಭಾನುವಾರ ಊಟಕ್ಕೆ ನಾನೂ ಬರ್ತೀನಿ. ಮೂರು ವರ್ಷ ಅತ್ತಿದೀನಿ, ಹೆಣ ಉಣ್ಣೋದನ್ನ ಕಣ್ಣಾರೆ ನೋಡ್ಬೇಕು” ಎಂದು ಹೋದಳು.

ಅದಕ್ಕೇ ಒಂದು ಸಣ್ಣ ಉಪಕಾರ. ಬರುವಾಗ ಝೊಹ್ರಾಳ ಮನೆ ಕೆಳಗಿನ ಅಂಗಡಿಯಲ್ಲಿ ನಿಮ್ಮ ಪಾಸ್‌ಪೋರ್ಟಿನ ಎರಡು ನಕಲು ಮಾಡಿಸಿ ತನ್ನಿ, ಬದುಕಿದ್ದೀರಿ ಎಂಬುದಕ್ಕೆ ಕಡತಕ್ಕೆ ಬೇಕಂತೆ. ವಾಪಸು ಟಿಕೆಟ್ಟಿನ ನಕಲನ್ನು ಯಾರೂ ಕೇಳಿಲ್ಲ, ಅದನ್ನು ತರಬೇಡಿ. ಪಾಸ್‌ಪೋರ್ಟಿನದು ಮಾತ್ರ, ಮುಖ ಸರಿಯಾಗಿ ಕಾಣುವ ಹಾಗೆ.