ಒಣ ಕೈ ತುಂಬಿದ ನಲವತ್ತು ಉತ್ತರಗಳು

ಮಾನ್ಯ ಸಿಬ್ಬಂದಿ ವಿಭಾಗದ ಮುಖ್ಯಾಧಿಕಾರಿಗಳೇ,

ನನ್ನ ಅಕ್ಕನನ್ನು ನೆಲಮಾಳಿಗೆಯಿಂದ ಮೇಲಕ್ಕೆ ಕರೆಸಿ. ವಿಷಯ ಇಷ್ಟೇ. ಇದನ್ನೇ ಮುಚ್ಚಿದ ಲಕೋಟೆಯಲ್ಲಿಟ್ಟು ಮೂರು ಸಲ ಕಳಿಸಿದೆ. ಮೂರು ಸಲವೂ ಒಂದೇ ಸಾಲಿನ ಉತ್ತರ ಬಂತು: 'ನಿಮ್ಮ ಸಹೋದರಿಯವರ ಸ್ವಭಾವಕ್ಕೆ ಈಗಿನ ಜಾಗವೇ ಅತ್ಯಂತ ಸೂಕ್ತವೆಂದು ಕಂಡುಬಂದಿದೆ.' ಕಂಡುಬಂದದ್ದು ಯಾರಿಗೆ? ಅವಳನ್ನು ತಾವು ಕಣ್ಣಾರೆ ಕಂಡದ್ದು ಯಾವಾಗ? ಲಕೋಟೆಗೆ ಸಿಗದ ಉತ್ತರ ನಾಲ್ಕು ಜನ ಓದಿದರಾದರೂ ಸಿಗಬಹುದೆಂದು ಈ ಪತ್ರವನ್ನು ಪತ್ರಿಕೆಗೆ ಕೊಟ್ಟಿದ್ದೇನೆ.

ತಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ನಾವಿಬ್ಬರೂ ಹನ್ನೊಂದು ವರ್ಷದಿಂದ ಇದ್ದೇವೆ. ಅಕ್ಕ ಇದ್ದದ್ದು ಒಗೆಯುವ ತೊಟ್ಟಿಗಳ ಕಡೆ, ನಾನು ಮಡಿಸುವ ಮೇಜಿನ ಕಡೆ. ಅಲ್ಲೊಂದು ರೂಢಿಯಿದೆ, ತಮ್ಮ ನಿಯಮಪುಸ್ತಕದಲ್ಲಿ ಅದು ಸಿಗಲಾರದು. ಒಗೆಯುವವರ ಕೈ ದಿನವಿಡೀ ಒದ್ದೆ. ಆ ಕೈಯಲ್ಲಿ ಕಾಗದ ಹಿಡಿದರೆ ಅದು ಮುದ್ದೆಯಾಗುತ್ತದೆ. ಹಾಗಾಗಿ ರಜೆ ಚೀಟಿಯಿರಲಿ, ಸಾಬೂನಿನ ಬೇಡಿಕೆಯಿರಲಿ, ಒದ್ದೆ ಕೈಯವರ ಕಾಗದವನ್ನು ಒಣ ಕೈಯವರೇ ತುಂಬುತ್ತಾರೆ. ಇದರಲ್ಲಿ ಯಾರಿಗೂ ಯಾವ ಅನುಮಾನವೂ ಬಂದದ್ದಿಲ್ಲ.

ಎರಡು ವರ್ಷದ ಹಿಂದೆ ತಮ್ಮ ಕಚೇರಿಯಿಂದ ತರಬೇತುದಾರರೊಬ್ಬರು ಬಂದರು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ನಗು. ಮನುಷ್ಯರಲ್ಲಿ ಇರುವುದು ನಾಲ್ಕೇ ಬಗೆ ಎಂದು ಅವರು ಗೋಡೆಯ ಮೇಲೆ ಚಿತ್ರ ಹಾಯಿಸಿ ತೋರಿಸಿದರು: ಮುಂದಾಳು, ಸ್ನೇಹಜೀವಿ, ಶಿಸ್ತುಗಾರ, ಏಕಾಂತಪ್ರಿಯ. ನಲವತ್ತು ಪ್ರಶ್ನೆಗಳಿಗೆ ಹೌದು-ಇಲ್ಲ ಎಂದು ಗುರುತು ಹಾಕಿದರೆ ಯಾರು ಯಾವ ಬಗೆ ಎಂಬುದನ್ನು ಯಂತ್ರವೇ ಹೇಳುತ್ತದಂತೆ. ಮಾನ್ಯರೇ, ಹೊಲಸು ಬಟ್ಟೆಯನ್ನೇ ನಾವು ಏಳು ಬಗೆಯಾಗಿ ವಿಂಗಡಿಸುತ್ತೇವೆ. ರಕ್ತದ್ದು ಬೇರೆ, ಮುಲಾಮಿನದ್ದು ಬೇರೆ, ಮಕ್ಕಳ ವಾರ್ಡಿನದ್ದು ಬೇರೆ. ಮನುಷ್ಯರಿಗೆ ಮಾತ್ರ ನಾಲ್ಕು ಬುಟ್ಟಿ ಸಾಕಾಯಿತೇ? ಮುಖ ನೋಡಿ ಮಣೆ ಹಾಕುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ತಾವು ಮುಖವನ್ನೂ ನೋಡಲಿಲ್ಲ, ಕಾಗದ ನೋಡಿ ಮಣೆ ಹಾಕಿದಿರಿ.

ಆ ಕಾಗದ ತುಂಬಿದವಳು ನಾನು. ಮೂರು ಅರ್ಜಿಗಳಲ್ಲಿ ಮುಚ್ಚಿಟ್ಟ ಮಾತು ಇದು. ಇನ್ನು ಮುಚ್ಚಿಟ್ಟರೆ ನನಗೆ ಅನ್ನ ಸೇರುವುದಿಲ್ಲ.

ಚಹಾದ ಹದಿನೈದು ನಿಮಿಷದ ಬಿಡುವಿನಲ್ಲಿ ಪ್ರಶ್ನೆಪತ್ರಿಕೆ ಹಂಚಿದರು. ಮೊದಲು ನನ್ನದನ್ನು ತುಂಬಿ ಮುಗಿಸಿ ಅಕ್ಕನ ತೊಟ್ಟಿಯ ಬಳಿ ಹೋದೆ. ಯಂತ್ರದ ಸದ್ದಿನ ನಡುವೆ ಮೊದಲ ಐದು ಪ್ರಶ್ನೆಗಳನ್ನು ಕೂಗಿ ಓದಿದೆ. ಮೊಣಕೈವರೆಗೂ ನೊರೆ ಮೆತ್ತಿಕೊಂಡಿದ್ದ ಅಕ್ಕ ಪ್ರತಿಯೊಂದಕ್ಕೂ ಯೋಚಿಸುತ್ತ ನಿಂತಳು.

"ಬೇಗ ಹೇಳೇ, ಗಂಟೆ ಹೊಡೆಯುತ್ತೆ ಈಗ," ಎಂದೆ.

"ಏನೋ ಒಂದು ಹಾಕು. ನಾನೇನು ಅಂತ ನಿಂಗೊತ್ತಿಲ್ವಾ?" ಎಂದು ನಕ್ಕಳು.

ಗೊತ್ತು ಎಂದುಕೊಂಡೆ. ನಲವತ್ತಕ್ಕೂ ನಾಲ್ಕೇ ನಿಮಿಷದಲ್ಲಿ ನಾನೇ ಗುರುತು ಹಾಕಿದೆ. ಗುಂಪಿನಲ್ಲಿ ಮಾತಾಡಲು ಇಷ್ಟವೇ? ಇಲ್ಲ. ಒಬ್ಬರೇ ಕೆಲಸ ಮಾಡಬಲ್ಲಿರಾ? ಹೌದು. ಅವಳು ಮಾತು ಕಡಿಮೆಯ ಹೆಂಗಸು, ನಾನು ನೋಡಿದ್ದು ಅಷ್ಟೇ. ಚಿಕ್ಕಂದಿನಲ್ಲಿ ಸ್ನಾನದ ಮನೆಯ ಬಾಗಿಲನ್ನು ಬೆರಳಷ್ಟು ತೆರೆದಿಟ್ಟೇ ನೀರು ಹಾಕಿಕೊಳ್ಳುತ್ತಿದ್ದಳು, ನಡುನಡುವೆ "ಇದ್ದೀಯೇನೇ?" ಎಂದು ಕೂಗಿ ನಾನು "ಹೂಂ" ಎನ್ನುವವರೆಗೆ ಚೊಂಬು ಎತ್ತುತ್ತಿರಲಿಲ್ಲ. ಬಾಗಿಲ ಹೊರಗೆ ನಿಂತು ಹೂಂಗುಟ್ಟಿದವಳು ನಾನೇ. ಆದರೂ ಆ ನಾಲ್ಕು ನಿಮಿಷದಲ್ಲಿ ಅದು ನನ್ನ ನೆನಪಿಗೆ ಬರಲಿಲ್ಲ.

ಹದಿನೈದು ದಿನದಲ್ಲಿ ಫಲಿತಾಂಶ ಬಂತು. ನಾನು ಸ್ನೇಹಜೀವಿ, ಅಕ್ಕ ಏಕಾಂತಪ್ರಿಯ, ಅದೂ ಶೇಕಡಾ ತೊಂಬತ್ತೈದು. ವಾರ್ಡುಗಳಿಂದ ಕೊಳವೆಯಲ್ಲಿ ಜಾರಿ ಬೀಳುವ ಮೂಟೆಗಳನ್ನು ಬಿಚ್ಚಿ ವಿಂಗಡಿಸಲು ನೆಲಮಾಳಿಗೆಯಲ್ಲಿ ಒಬ್ಬರೇ ಇರಬೇಕಿತ್ತು. ಯಾರೂ ಒಪ್ಪದ ಆ ಜಾಗಕ್ಕೆ ಅಕ್ಕನನ್ನು ಹಾಕಿದರು. ನಾನು ಗೊಣಗಿದ್ದಕ್ಕೆ ತಮ್ಮ ಮೇಲ್ವಿಚಾರಕರು 'ಮಾತು ಬೆಳ್ಳಿ, ಮೌನ ಬಂಗಾರ' ಎಂದು ಸಮಾಧಾನ ಹೇಳಿದರು. ನಿಜ, ಬಂಗಾರವನ್ನು ಯಾರಾದರೂ ಎಲ್ಲರ ಕಣ್ಣಿಗೆ ಬೀಳುವ ಹಾಗೆ ಇಡುತ್ತಾರೆಯೇ?

ಜನರ ಸ್ವಭಾವ ಬೇರೆ ಬೇರೆ ಎಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ. ಅಕ್ಕನ ಪಕ್ಕದ ತೊಟ್ಟಿಯಲ್ಲಿ ನಾವೆಲ್ಲ ರೇಡಿಯೋ ಎಂದು ಕರೆಯುವ ಹೆಂಗಸೊಬ್ಬಳಿದ್ದಾಳೆ. ಹುಟ್ಟುವಾಗ ತೆರೆದ ಬಾಯನ್ನು ಅವಳು ಇನ್ನೂ ಮುಚ್ಚಿಲ್ಲ. ಅವಳ ಗಂಡ, ಗಂಡನ ಹಲ್ಲುನೋವು, ಮಹಡಿ ಮನೆಯವರ ಬೆಕ್ಕು, ಎಲ್ಲವನ್ನೂ ಅಕ್ಕ ಒಂಬತ್ತು ವರ್ಷ ಕೇಳಿಸಿಕೊಂಡಿದ್ದಾಳೆ, ಭುಜ ಕುಲುಕಿಸಿ ಸದ್ದಿಲ್ಲದೆ ನಕ್ಕಿದ್ದಾಳೆ. ತುಟಿ ಬಿಚ್ಚದಿದ್ದರೂ ಆ ಮಾತುಕತೆಯಲ್ಲಿ ಅರ್ಧ ಪಾಲು ಅವಳದ್ದಾಗಿತ್ತು. "ನಿಮ್ಮಕ್ಕ ಹೋದ್ಮೇಲೆ ಮಾತಾಡೋದಕ್ಕೇ ಮನಸ್ಸಿಲ್ಲ ಕಣೆ. ಯಾರಿಗೆ ಅಂತ ಹೇಳ್ಲಿ?" ಎಂದು ರೇಡಿಯೋ ನನ್ನ ಬಳಿ ಕಣ್ಣೊರೆಸಿಕೊಂಡಳು. ಒಬ್ಬ ಮನುಷ್ಯನ ಸ್ವಭಾವ ಪಕ್ಕದಲ್ಲಿ ಯಾರಿದ್ದಾರೆ ಎಂಬುದರ ಮೇಲೂ ನಿಂತಿರುತ್ತದೆ ಎಂಬುದು ಬಟ್ಟೆ ಒಗೆಯುವ ನಮಗೆ ಗೊತ್ತು. ಅದನ್ನು ತಿಳಿಯಲು ಯಾವ ಯಂತ್ರ ತರಿಸಬೇಕು, ಮಾನ್ಯರೇ?

ಮೊದಲ ತಿಂಗಳು ಅಕ್ಕ ದೂರುತ್ತಿದ್ದಳು. "ಅಲ್ಲಿ ಯಾರೂ ಇಲ್ಲ ಕಣೆ. ಬೆಳಿಗ್ಗೆ ಇಳಿದ್ರೆ ಸಂಜೆವರ್ಗೂ ಒಂದು ನರಪಿಳ್ಳೆ ಮುಖ ಕಾಣಲ್ಲ." ಸ್ವಲ್ಪ ದಿನ ತಡಿ, ಬದಲಾಯಿಸ್ತಾರೆ, ಎನ್ನುತ್ತಿದ್ದೆ. ನಾಲ್ಕನೇ ತಿಂಗಳಿಗೆ ದೂರುವುದು ನಿಂತಿತು. ಹೊಂದಿಕೊಂಡಳು ಎಂದುಕೊಂಡು ಖುಷಿಪಟ್ಟೆ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಒಂದು ಮಧ್ಯಾಹ್ನ ಊಟದ ಡಬ್ಬಿ ಕೊಡಲು ನೆಲಮಾಳಿಗೆಗೆ ಇಳಿದೆ. ಕಿಟಕಿಯಿಲ್ಲದ ಕೋಣೆ, ಒಂದೇ ದೀಪ, ಗೋಡೆಯಲ್ಲಿ ಕೊಳವೆಯ ಬಾಯಿ. ಅಕ್ಕ ನನಗೆ ಬೆನ್ನು ಮಾಡಿ ಕುಳಿತಿದ್ದಳು. ಮೇಲೆಲ್ಲೋ ಸದ್ದಾಗಿ ಮೂಟೆಯೊಂದು ಧೊಪ್ಪೆಂದು ಬಿತ್ತು.

"ಬಂದ್ಯಾ? ಬಾ, ಕೂತ್ಕೋ," ಎಂದಳು.

ನನಗೇ ಹೇಳಿದಳೆಂದು ಎರಡು ಹೆಜ್ಜೆ ಮುಂದಿಟ್ಟೆ. ಅಕ್ಕ ಮೂಟೆಯ ಗಂಟು ಬಿಚ್ಚಿ, ಒಳಗಿನ ಹಾಸುಬಟ್ಟೆಯನ್ನು ಸವರುತ್ತ ಅದರೊಡನೆ ಮಾತಾಡುತ್ತಿದ್ದಳು. ಯಾವ ವಾರ್ಡು, ಜ್ವರ ಬಿಟ್ಟಿತಾ, ಮನೆಯವರು ಯಾರಾದರೂ ನೋಡೋಕೆ ಬಂದರಾ ಎಂದು ಕೇಳುತ್ತಿದ್ದಳು. ಮನೆಯಲ್ಲಿ ನನ್ನೊಡನೆ ಇಡೀ ವಾರದಲ್ಲಿ ಆಡದಷ್ಟು ಮಾತು ಅದು. ನಾನು ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು ವಾಪಸು ಬಂದೆ. ಕರೆಯುವ ಧೈರ್ಯ ನನಗಾಗಲಿಲ್ಲ.

ಅಂದಿನಿಂದ ಒಂದು ಭಯ ನನ್ನನ್ನು ಹಿಡಿದುಕೊಂಡಿದೆ. ಮಡಿಸುವಾಗ ಕೊಳವೆಯ ಸದ್ದು ಕೇಳಿದರೆ ಮಡಿಕೆ ತಪ್ಪುತ್ತದೆ, ಕೆಳಗೆ ಅಕ್ಕ 'ಬಂದ್ಯಾ' ಎನ್ನುತ್ತಿರುತ್ತಾಳೆ. ಮನೆಯಲ್ಲೂ ನೆಮ್ಮದಿಯಿಲ್ಲ. ಈಗವಳು ಸ್ನಾನದ ಮನೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾಳೆ. ಹೊರಗೆ ನಿಂತು ನಾನೇ "ಇದ್ದೀಯೇನೇ ಅಕ್ಕಾ?" ಎಂದು ಕೂಗುತ್ತೇನೆ. ನೀರಿನ ಸದ್ದು ನಿಲ್ಲುತ್ತದೆ. ಉತ್ತರ ಬರುವುದಿಲ್ಲ. ಆಮೇಲೆ ನೀರು ಮತ್ತೆ ಸುರಿಯುತ್ತದೆ. ನಮ್ಮ ಮನೆಯಲ್ಲಿ ಓಡಾಡುತ್ತಿರುವುದು ನನ್ನ ಅಕ್ಕನಲ್ಲ, ನಾನು ನಾಲ್ಕು ನಿಮಿಷದಲ್ಲಿ ಗೀಚಿದ ಹೆಂಗಸು ಎಂದು ಎಷ್ಟೋ ಸಲ ಅನ್ನಿಸಿದೆ.

ಮೂರನೇ ಅರ್ಜಿಗೆ ಉತ್ತರ ಕೊಡುವ ಮುನ್ನ ತಾವು ದೊಡ್ಡ ಮನಸ್ಸು ಮಾಡಿ ಮರುಪರೀಕ್ಷೆ ಮಾಡಿಸಿದಿರಿ. ಈ ಸಲ ಅಕ್ಕ ತಾನೇ ಗುರುತು ಹಾಕಿದಳು. ನೆಲಮಾಳಿಗೆಯಲ್ಲಿ ಕೈ ಒದ್ದೆಯಾಗುವುದಿಲ್ಲವಲ್ಲ. ಫಲಿತಾಂಶ ಮತ್ತೆ ಏಕಾಂತಪ್ರಿಯ. ಮೇಲ್ವಿಚಾರಕರಿಗೆ ಹಬ್ಬವೇ ಹಬ್ಬ. "ನೋಡಿದ್ರಾ? ಆಗ್ಲೇ ಹೇಳಿರ್ಲಿಲ್ವಾ ನಾನು? ಈ ಪರೀಕ್ಷೆ ತಪ್ಪೋದೇ ಇಲ್ಲ," ಎಂದರು. ತಪ್ಪುವುದಾದರೂ ಹೇಗೆ? ಕುಂಟುವವನೆಂದು ಬರೆದುಕೊಂಡು, ಎರಡು ವರ್ಷ ಕಾಲು ಕಟ್ಟಿಹಾಕಿ, ಆಮೇಲೆ ನಡೆಸಿ ನೋಡಿದರೆ ಅವನು ಓಡುತ್ತಾನೆಯೇ?

ಕಡತ ವಿಭಾಗದ ಗುಮಾಸ್ತರು ನಿಯಮದ ಪ್ರಕಾರವೇ ಎರಡೂ ಉತ್ತರಪತ್ರಿಕೆಗಳ ನಕಲು ಕೊಟ್ಟರು. ಮಡಿಸುವ ಮೇಜಿನ ಮೇಲೆ ಅವನ್ನು ಅಕ್ಕಪಕ್ಕ ಹರಡಿ ಒಂದೊಂದೇ ಪ್ರಶ್ನೆ ಹೋಲಿಸಿದೆ. ನಾನು ಊಹಿಸಿ ಹಾಕಿದ್ದ ಗುರುತುಗಳನ್ನೇ ಅಕ್ಕ ತನ್ನ ಕೈಯಾರೆ, ನಿಧಾನವಾಗಿ, ಅಚ್ಚುಕಟ್ಟಾಗಿ ಹಾಕಿದ್ದಳು. ಅಲ್ಲೇ ನಿಂತು ಅತ್ತೆ, ಮೇಜಿನವರೆಲ್ಲ ನೋಡುತ್ತಿದ್ದರೂ ಅತ್ತೆ.

ಒಂದು ಮಾತ್ರ ಬೇರೆಯಾಗಿತ್ತು. ಮೂವತ್ತೆರಡನೆಯ ಪ್ರಶ್ನೆ: 'ಯಾರಾದರೂ ಬರಬಹುದೆಂದು ಆಗಾಗ ಬಾಗಿಲ ಕಡೆ ನೋಡುತ್ತೀರಾ?' ನಾನು 'ಇಲ್ಲ' ಎಂದು ಹಾಕಿದ್ದೆ. ಅಕ್ಕ 'ಹೌದು' ಎಂದು ಹಾಕಿದ್ದಾಳೆ, ಕಾಗದ ಹರಿಯುವಷ್ಟು ಒತ್ತಿ. ಅದರ ಪಕ್ಕದಲ್ಲಿ ತಮ್ಮ ಯಂತ್ರ ಸಣ್ಣ ಅಕ್ಷರದಲ್ಲಿ ಮುದ್ರಿಸಿದೆ: 'ಉಳಿದ ಉತ್ತರಗಳಿಗೆ ಹೊಂದುವುದಿಲ್ಲ. ಪರಿಗಣಿಸಿಲ್ಲ.'

ಅದೊಂದನ್ನು ಪರಿಗಣಿಸಿ, ಮಾನ್ಯರೇ. ಮೂವತ್ತೊಂಬತ್ತನ್ನು ಬಿಟ್ಟುಬಿಡಿ, ಅವು ನನ್ನವು. ಇನ್ನೊಬ್ಬರ ಕಾಗದ ತುಂಬಿದ್ದು ಅಪರಾಧವಾದರೆ ಶಿಕ್ಷೆ ಕೊಡಿ, ಬೇಡ ಎನ್ನುವುದಿಲ್ಲ. ಕೆಳಗೆ ಒಬ್ಬರು ಇರಲೇಬೇಕೆಂದರೆ ಸೋಮವಾರದಿಂದ ನನ್ನನ್ನು ಹಾಕಿ. ಅಕ್ಕನನ್ನು ರೇಡಿಯೋ ಪಕ್ಕದ ತೊಟ್ಟಿಗೆ ಕಳಿಸಿ. ಆದರೆ ಆದೇಶವನ್ನು ಕೊಳವೆಯಲ್ಲಿ ಹಾಕಿ ಕಳಿಸಬೇಡಿ, ಯಾರ ಕೈಯಲ್ಲೂ ಕೊಟ್ಟು ಕಳಿಸಬೇಡಿ. ತಾವೇ ಮೆಟ್ಟಿಲಿಳಿದು ಹೋಗಿ, ಆ ಬಾಗಿಲು ತೆರೆಯಿರಿ. ಅವಳು ನೋಡುತ್ತಿರುತ್ತಾಳೆ.

ಇಂತಿ,
ಈ ಸಲ ತನ್ನ ಪರವಾಗಿ ಮಾತ್ರ ಸಹಿ ಹಾಕುತ್ತಿರುವ
ಮಡಿಸುವ ಮೇಜಿನ ತಂಗಿ