ಒಣ ಕಂಬಳಿ

ಯಳವಿ, ೧೯೫೩

ಪಾಟೀಲರಿಗೆ ಯಮನವ್ವನ ನಮಸ್ಕಾರ.

ನಿಮ್ಮ ಬಣವಿಯ ಬೆಂಕಿ ಆರಿಸಲು ಹೋಗಿ ಸತ್ತ ಮೂವರಿಗೆ ಚಾವಡಿ ಮುಂದೆ ಕಲ್ಲು ನಿಲ್ಲಿಸಿದ್ದೀರಂತೆ. ಮೇಲೆ ದಪ್ಪಕ್ಷರದಲ್ಲಿ ನಿಮ್ಮ ಹೆಸರು, ಕೆಳಗೆಲ್ಲೋ ನನ್ನ ಗಂಡನದು. ಸಂತೋಷ.

ನಾವು ಕುರುಬರು, ಬೆಂಕಿಯನ್ನು ಹಸಿ ಕಂಬಳಿಯಿಂದ ಬಡಿಯುವವರು. ಅಂದು ಆ ಮೂವರು ಕಂಬಳಿ ನೆನೆಸಲು ಓಡಿಬಂದಾಗ ನೀವು ಬಾವಿಗೆ ಅಡ್ಡ ನಿಂತು, “ಕುರಿ ನಾತದ ಕಂಬಳಿ ಅದ್ದಿದ್ರ ನೀರು ಕೆಡತಾವ, ಹಂಗ ಹೋಗ್ರಿ” ಅಂದಿರಿ. ಅವರು ಹಾಗೇ ಹೋದರು.

ಈಗ ಅದೇ ನೀರಿನಿಂದ ಕಲ್ಲಿಗೆ ಅಭಿಷೇಕವಂತೆ. ಎಂಥ ದೊಡ್ಡ ಮನಸ್ಸು ನಿಮ್ಮದು!

ಕರೆದಿದ್ದೀರಿ, ಸೋಮವಾರ ಬರುತ್ತೇನೆ. ನೀವು ಕೊಡುವ ಸೀರೆ ಬೇಡ. ಸುಟ್ಟು ಉಳಿದ ಅರ್ಧ ಕಂಬಳಿ ನನ್ನ ಹತ್ತಿರವಿದೆ. ಊರೆದುರು ಅದನ್ನು ನಿಮ್ಮ ಬಾವಿಯಲ್ಲಿ ಅದ್ದಿ ಕಲ್ಲಿಗೆ ಹೊದಿಸುತ್ತೇನೆ. ನಿಮಗೆ ಕುಡಿಯಲು ಬೇಕಾದ ನೀರನ್ನು ಮೊದಲೇ ಸೇದಿಟ್ಟುಕೊಳ್ಳಿ.

ಇಂತಿ,
ಯಮನವ್ವ