ಪರೀಕ್ಷಾದ ದಿನ ಬಾಗಿಲು ಹಿಡಿಯೋರು

ಕೊಣ್ಣೂರ, ತಾ. ಗೋಕಾಕ
ಸೋಮವಾರ, 13 ಏಪ್ರಿಲ್ 2026

ಪ್ರೀತಿಯ ಮಗಳ ಐಶ್ವರ್ಯಾ,

ನಿನ್ನ ಅಕ್ಕವ್ವ ಅತ್ತಿ ಮಾಡೂ ಆಶೀರ್ವಾದ. ನೀ ಹೆಂಗದಿ? ಮಂಗಳೂರಿನ ಸೆಕೀಗೆ ಕೊರಳ ಸುತ್ತ ಎದ್ದಿದ್ದ ಬೆವರಸಾಲಿ ಹೋತೋ ಇಲ್ಲೋ? ಆಸ್ಪತ್ರೆ ಡ್ಯೂಟಿ ಮುಗಿಸಿ ಬಂದು ಬರೇ ಚಾ-ಬಿಸ್ಕೀಟು ತಿಂದು ಮಲಗಬ್ಯಾಡ. ಅಲ್ಲೀ ದಪ್ಪಕ್ಕಿ ಅನ್ನ ಗಂಟಲದಾಗ ಇಳಿಯಂಗಿಲ್ಲ ಅಂದಿದ್ದಿ, ಅದಕ್ಕ ನಿಮ್ಮವ್ವ ಖಡಕ್ ರೊಟ್ಟಿ ಬಡದು, ಶೇಂಗಾ ಚಟ್ನಿ ಕುಟ್ಟಿ, ಡಬ್ಬಿ ತುಂಬಿ ಇಟ್ಟಾಳ. ಇಲ್ಲೆ ನಾವೆಲ್ಲಾರೂ ಆರಾಮ ಅದೇವಿ. ನನ್ನ ಮೊಣಕಾಲು ಏಳುವಾಗ ಒಂದು ಮಾತು, ಕುಂದರುವಾಗ ಒಂದು ಮಾತು ಆಡತೈತಿ. ಅದರ ಮಾತು ನಾ ಕೇಳಂಗಿಲ್ಲ. ನಿಮ್ಮಪ್ಪ ದುಂಡಪ್ಪ ಲಗ್ನದ ಕಾರ್ಡು ಹಂಚಾಕ ಮೂಡಲಗಿ, ಹುಕ್ಕೇರಿ ಅಂತ ಬಿಸಲಾಗ ತಿರಗಿ ತಿರಗಿ ಸುಟ್ಟ ಬದನಿಕಾಯಿ ಆಗ್ಯಾನ. ನಿಮ್ಮಣ್ಣ ಅಭಿಷೇಕ ಮಾತ್ರ ಮದುಮಗ ಅನ್ನೂದರ ಖಬರಿಲ್ಲದ ಹೊಲಕ್ಕ ನೀರು ಬಿಡೂದರಾಗ ಅದಾನ. ಯಮಕನಮರಡಿ ಹುಡುಗಿ ಸುಮನ್ ದಿನಾ ಫೋನ್ ಮಾಡ್ತಾಳ, ಆವಾಗಷ್ಟ ಬಾವಿಕಡೆ ಹೋಗಿ ದನಿ ಸಣ್ಣ ಮಾಡ್ತಾನ.

ಫೋನಿದ್ದೂ ಪತ್ರ ಯಾಕ ಅಂತ ಕೇಳತಿ. ಫೋನಿನ್ಯಾಗ ನೀ "ಹೂಂ, ಆತು" ಅಂತ ಮುಗಿಸಿಬಿಡ್ತಿ, ನಾ ಹೇಳಬೇಕಂದದ್ದು ನನ್ನ ಬಾಯಾಗ ಉಳೀತೈತಿ. ಕಳೆದ ಸರ್ತಿ ನಿಮ್ಮಪ್ಪನ ಜೋಡಿ ಮಾತಾಡುವಾಗ ನಿನ್ನ ದನಿ ಒಡದದ್ದು ನಾ ಕೇಳಿದೆ. ಅವನೂ ಸಿಟ್ಟಿಲೆ ಅಂದಿದ್ದಲ್ಲ ಮಗಳ. ಐರ್ಲೆಂಡಿನ ಆಸ್ಪತ್ರೆಯವರು ಈ ತಿಂಗಳೊಳಗ ಇಂಗ್ಲಿಷ್ ಪರೀಕ್ಷಾ ಮುಗಸಬೇಕು, ಇಲ್ಲಾಂದ್ರ ಆ ನರ್ಸಿನ ಜಾಗಾ ಬ್ಯಾರೇದವರಿಗೆ ಅಂದಾರ. ನಿನಗ ಸಿಕ್ಕ ತಾರೀಖು ಇಪ್ಪತ್ತೈದು. ಅವತ್ತ ಅಣ್ಣನ ಲಗ್ನ. ನಿನಗ ಪರೀಕ್ಷಾ ಬಿಡಾಕ ಆಗಂಗಿಲ್ಲ, ನಿಮ್ಮಪ್ಪಗ ನಿನ್ನ ಬಿಟ್ಟು ಲಗ್ನ ಮಾಡಾಕ ಆಗಂಗಿಲ್ಲ. "ಇರೂದು ಒಬ್ಬಾಕೆ ತಂಗಿ, ಆಕೀನ ಇಲ್ಲಂದ್ರ ಮದುಮಕ್ಕಳು ಮನಿ ಹೊಗೂಮುಂದ ಬಾಗಿಲು ಹಿಡಿಯೋರು ಯಾರು?" ಅಂತಾನ ನಿಮ್ಮಪ್ಪ. ನೀ ಬಸ್ಸಿನ ಟಿಕೀಟೂ ತಗದಿಟ್ಟೀದಿ, ಪರೀಕ್ಷಾದ ಚೀಟೀನೂ ಇಟಗೊಂಡೀದಿ, ಎರಡರ ನಡುವ ಕುಂತು ಅಳಾಕತ್ತೀದಿ.

ಮೊದಲ ಪರೀಕ್ಷಾದ ಮಾತು. ಓದೂದು, ಕೇಳೂದು, ಮಾತಾಡೂದು ಎಲ್ಲಾದರಾಗೂ ನೀ ಪಾಸು. ಬರಿಯೂದರಾಗ ಎರಡೂ ಸರ್ತಿ ಅರ್ಧಾ ಅಂಕ ಕಡಿಮಿ ಬಿತ್ತು. ಮೊದಲ್ನೇ ಸರ್ತಿ ಎಲ್ಲಾ ಗಿಡ್ಡ ಗಿಡ್ಡ ವಾಕ್ಯ ಬರದಿದ್ದಿ, ಸಣ್ಣ ಹುಡುಗರಂಗ ಆತು, ಮಿಶ್ರ ವಾಕ್ಯ ಬೇಕು ಅಂತ ನಿಮ್ಮ ಕೋಚಿಂಗಿನ ಕಿಶೋರ ಸರ್ ಅಂದ್ರಂತ. ಎರಡನೇ ಸರ್ತಿ ನೀ ಮಿಶ್ರ ವಾಕ್ಯ ಹಾಕಿದಿ ಹಾಕಿದಿ, ಎಷ್ಟ ಹಾಕಿದಿ ಅಂದ್ರ ಪರೀಕ್ಷಾ ನೋಡೂ ಪುಣ್ಯಾತ್ಮ ಅದರಾಗ ಎಲ್ಲೆ ಹೊಕ್ಕು ಎಲ್ಲೆ ಹೊರಬೀಳಬೇಕು ಅನ್ನೂದು ತಿಳೀದಂಗ ಆತು. ನನ್ನ ಇಂಗ್ಲಿಷ್ ಎಷ್ಟರದು ಅನ್ನೂದು ನಿನಗ ಗೊತ್ತೈತಿ. ನಾಕನೇ ಕ್ಲಾಸಿಗೆ ಸಾಲಿ ಬಿಟ್ಟಾಕಿ ನಾ. ಗುಳಗಿ ಪಾಕೀಟು, ಬಸ್ಸಿನ ಬೋರ್ಡು ಓದಿ ಅಕ್ಷರ ಕಲತೆ; ಆಮ್ಯಾಲ ನೀ ಸಾಲಿಗೆ ಹೋಗುವಾಗ ನಿನ್ನ ಬಾಜೂ ಕುಂತು ನಿನ್ನ ಪುಸ್ತಕಾನ ಓದಿದೆ. ಹಂಗಾಗಿ ಕಿಶೋರ ಸರ್ ಹೇಳಿದ್ದಕ್ಕ ನಾ ಅಡ್ಡ ಮಾತಾಡಾಕತ್ತಿಲ್ಲ, ಅವರು ಹೇಳಿದ್ದು ಖರೇನ ಐತಿ. ಆದ್ರ ನೀ ಅಭಿಷೇಕನ ಫೋನಿಗೆ ಕಳಿಸಿದ್ದ ಅಭ್ಯಾಸದ ಹಾಳಿ ಅವ ನನಗ ಓದಿ, ಕನ್ನಡದಾಗ ಬಿಡಿಸಿ ಹೇಳಿದ. ಅದನ್ನ ಕೇಳಿದ ಮ್ಯಾಲ ಸುಮ್ಮನಿರಾಕ ಆಗಲಿಲ್ಲ.

ಆಸ್ಪತ್ರೆ ಬಗ್ಗೆ ಬರದಿದ್ದೆಲ್ಲಾ ಅದು. "ಇಂದಿನ ಆಧುನಿಕ ಯುಗದಲ್ಲಿ, ಎಲ್ಲರಿಗೂ ತಿಳಿದಿರುವಂತೆ, ಬಹು ಮುಖ್ಯವಾದ ಸಂಸ್ಥೆಯಾಗಿರುವ ಆಸ್ಪತ್ರೆಯು, ಅನೇಕ ಸೌಲಭ್ಯಗಳನ್ನು ಹೊಂದಿದ್ದರೂ, ಜನರು ಅಲ್ಲಿಗೆ ಬರುವುದರಿಂದ..." ಅಂತ ಶುರುವಾಗಿ ಹೊಂಟದ್ದು ನಿಲ್ಲವಲ್ಲದು. ಅಭಿಷೇಕ ನಡುವ ಉಸರು ತಗೊಂಡು, "ಅತ್ತಿ, ಇದಕ್ಕ ಸ್ಟಾಪ್ ಇಲ್ಲ, ಇದು ನೇರ ಪುಣೆಗೇ ಹೋಗೂ ಬಸ್ಸು" ಅಂದ. ನಿಮ್ಮವ್ವ ಒಲಿ ಮುಂದಿಂದ, "ನನ್ನ ಮಗಳು ಬರದದ್ದಕ್ಕ ನಗಬ್ಯಾಡ್ರಿ, ನೀವು ಬರದು ತೋರಸ್ರಿ" ಅಂತ ಬೈದಳು. ನಾ ನಗಲಿಲ್ಲ ಐಶೂ. ನನಗ ನಾಗನೂರ ಲಗಮವ್ವನ ನೆನಪಾತು.

ಲಗಮವ್ವ ನನ್ನ ಗೆಳತಿ. ಆಕೀ ಲಗ್ನದಾಗ ಗಂಡನ ಹೆಸರು ಹೇಳೂ ಹೊತ್ತು ಬಂತು. ಹೆಸರು ಸುಮ್ಮನ ಹೇಳಂಗಿಲ್ಲಲಾ ನಮ್ಮಲ್ಲಿ, ಒಡಪು ಕಟ್ಟಿ, ಅದರ ಕಡೀಕ ಹೆಸರು ಇಡಬೇಕು. ಇವಳು ಯಾರೋ ಕಲಿಸಿದ ಉದ್ದನ ಒಡಪು ಬಾಯಿಪಾಠ ಮಾಡಿದ್ದಳು. ಬೆಳ್ಳಿ ತಾಟಂತ, ತಾಟಿನ್ಯಾಗ ಬಂಗಾರದ ಬಟ್ಟಲಂತ, ಬಟ್ಟಲದಾಗ ಮುತ್ತಂತ, ಮುತ್ತಿನ ಬಾಜೂ ಹವಳಂತ. ಒಂದು ಮುಗೀತು ಅನ್ನೂದರಾಗ ಮತ್ತೊಂದು. ಚಪ್ಪರದ ಮಂದಿ ಎಲ್ಲಾ ಹೆಸರು ಬಂತು, ಈಗ ಬಂತು ಅಂತ ಕುತ್ತಿಗಿ ಮುಂದ ಮಾಡಿ ಕುಂತಾರ. ಹವಳದ ತನಕ ಬಂದಾಕಿ ಗಪ್ಪನ ನಿಂತಳು. ಗಂಡನ ಹೆಸರು ತಲಿಯಿಂದ ಹಾರಿ ಹೋಗಿತ್ತು. ಗಾಬರ್ಯಾಗಿ ಮಾವನ ಹೆಸರು ಹೇಳಿಬಿಟ್ಟಳು! ಮಾವ ಮುಂಡಾಸ ತಗದು ಮಾರಿ ಮುಚಗೊಂಡ. ಈಗ ಮೊಮ್ಮಕ್ಕಳಾದರೂ ಆಕೀಗೆ, "ಲಗಮವ್ವಾ, ಬಟ್ಟಲದಾಗ ಯಾರದಾರ?" ಅಂತ ಕಾಡೂದು ಬಿಟ್ಟಿಲ್ಲ.

ನಿನ್ನ ವಾಕ್ಯದಾಗೂ ಹಂಗ ಆಗೈತಿ ನೋಡು. ತಾಟು, ಬಟ್ಟಲಾ, ಮುತ್ತು ಎಲ್ಲಾ ಅದಾವ, ಹೆಸರಿಲ್ಲ. ಆಸ್ಪತ್ರೆ ಬಗ್ಗೆ ನೀ ಏನು ಹೇಳಾಕ ಹೊಂಟಿದ್ದಿ ಅನ್ನೂದು ಅಭಿಷೇಕಗೂ ತಿಳೀಲಿಲ್ಲ, ನನಗೂ ತಿಳೀಲಿಲ್ಲ. ನಾ ಇಷ್ಟು ಮಂದಿ ಮದುಮಕ್ಕಳಿಗೆ ಒಡಪು ಕಟ್ಟಿಕೊಟ್ಟೀನಿ, ಮೊದಲ ಕೇಳೂ ಮಾತು ಒಂದ: "ನಿನ್ನ ಗಂಡನ ಹೆಸರೇನವಾ?" ಹೆಸರು ಗೊತ್ತಾದ ಮ್ಯಾಲ ಅದಕ್ಕ ಹೊಂದೂ ಮಾತು ಹುಡಕತೀನಿ. ಮಾತು ಮೊದಲ ಕಟ್ಟಿ ಹೆಸರು ಆಮ್ಯಾಲ ತುರಕಿದ್ರ ಲಗಮವ್ವನ ಗತಿ. ನೀನೂ ಪೆನ್ನು ಹಿಡಿಯೂಕಿಂತ ಮೊದಲ ಒಂದು ಗಿಡ್ಡ ಮಾತು ಮನಸಿನ್ಯಾಗ ಇಟಗೋ, ನೀ ಖರೆ ಹೇಳಬೇಕಾದ್ದು. ಆಮ್ಯಾಲ ಅದಕ್ಕ ಕಾರಣ ಬೇಕಾದ್ರ ಕಾರಣ ಹಚ್ಚು, ಯಾವಾಗ ಅನ್ನೂದು ಬೇಕಾದ್ರ ಅದನ್ನ ಹಚ್ಚು. ಬ್ಯಾಡಾದ್ರ ಏನೂ ಹಚ್ಚಬ್ಯಾಡ, ಹಂಗ ನಿಲ್ಲಲಿ. ಎಲ್ಲಾ ವಾಕ್ಯಕ್ಕೂ ಬಾಲ ಇರಬೇಕು ಅಂತ ಸರ್ರೂ ಅಂದಿರಲಿಕ್ಕಿಲ್ಲ. ಇಂಗ್ಲಿಷಿನ್ಯಾಗ ಹೆಸರು ಮೊದಲಿಗೇ ಇಟ್ಟು ಉಳಿದದ್ದು ಹಿಂದ ಹಚ್ಚಿದ್ರೂ ನಡೀತೈತಿ ಅಂತ ಅಭಿಷೇಕ ಅಂದ. ಹಂಗಿದ್ರ ನಮಗಿಂತ ಅವರಿಗೆ ಸಸಾರ, ಮಂದಿನ್ನ ಕಾಯಿಸೂ ಕೆಲಸಿಲ್ಲ.

ಮತ್ತೊಂದು. ಒಡಪಿನ ಪುಸ್ತಕ ಗೋಕಾಕದ ಸಂತ್ಯಾಗ ಸಿಗತಾವ. ಅದರಾಗಿಂದ ಬಾಯಿಪಾಠ ಮಾಡಿ ಹೇಳಿದ್ರ ಮಂದಿಗೆ ಕೇಳಿದ ಕೂಡ್ಲೆ ತಿಳೀತೈತಿ, ಯಾರೂ ನಗಂಗಿಲ್ಲ, ಯಾರೂ ಚಪ್ಪಾಳಿ ಹೊಡಿಯಂಗಿಲ್ಲ. ನಿನ್ನ "ಆಧುನಿಕ ಯುಗ", "ಎಲ್ಲರಿಗೂ ತಿಳಿದಿರುವಂತೆ" ಹಂಗ ಕೇಳತಾವ. ಆ ಪರೀಕ್ಷಾ ನೋಡೋರು ಇಂಥಾವ ಎಷ್ಟ ಓದಿರಬೇಕು, ಪಾಪ. ನಾ ನಿಮ್ಮ ಮಾಮಾಗ ಕಟ್ಟಿದ್ದ ಒಡಪು ನಿನಗ ನೆನಪೈತೇನು? "ನಸುಕಿನ್ಯಾಗ ನೀರು ಬಿಡಾಕಂತ ಹೋದವರು, ಬಾಜೂ ಹೊಲದವರಿಗೆ ನೀರು ಬಿಟ್ಟು ಬಂದವರು, ಕೇಳಿದ್ರ ನಕ್ಕು ಬುತ್ತಿ ಬಿಚ್ಚಿದವರು, ನಮ್ಮ ವೀರಪ್ಪನವರು." ಅದರಾಗ ಬೆಳ್ಳಿ ಇಲ್ಲ, ಬಂಗಾರಿಲ್ಲ. ಆದ್ರ ಅದನ್ನ ಕಿತ್ತು ಮತ್ತೊಬ್ಬರ ಗಂಡಗ ಹಚ್ಚಾಕ ಬರಂಗಿಲ್ಲ.

ನಿನಗ ಇದು ಬರಂಗಿಲ್ಲ ಅಂತೇನಿಲ್ಲ. ಹೋಳಿ ಹುಣ್ಣಿಮಿ ಹಿಂದಮುಂದ ಫೋನಿನ್ಯಾಗ ನಿಮ್ಮ ವಾರ್ಡಿನ ಮುದುಕಪ್ಪನ ಸುದ್ದಿ ಹೇಳಿದ್ದಿ. "ನಾವೆಲ್ಲಾ ಎಷ್ಟ ಬೇಡಿಕೊಂಡ್ರೂ ಉಣ್ಣದಿದ್ದ ಮನಷ್ಯಾ, ಮಗಳು ಬಂದು ಹಾಸಿಗಿ ಮ್ಯಾಲ ಕುಂತ ಕೂಡ್ಲೆ ಬಾಯಿ ತಗದ ಅತ್ತಿ" ಅಂದಿ. ಆಮ್ಯಾಲ, "ನಾ ಹೊರಗ ಹೋದೆ" ಅಂದಿ. ಇದಕ್ಕಿಂತ ಛಲೋ ವಾಕ್ಯ ಯಾವ ಸರ್ ಕಲಿಸ್ತಾರ? "ಬೇಡಿಕೊಂಡ್ರೂ" ಅಂದ ಕೂಡ್ಲೆ ನನಗ ಅವ ಹಟಮಾರಿ ಅನ್ನೂದು ತಿಳೀತು, "ಮಗಳು ಬಂದು" ಅಂದ ಕೂಡ್ಲೆ ಮುಂದ ಏನರೆ ಆಗತೈತಿ ಅಂತ ಜೀವ ಕಾಯ್ತು, "ಬಾಯಿ ತಗದ" ಅಂದಾಗ ಕಣ್ಣಾಗ ನೀರು ಬಂತು. ಅದರ ಹಿಂದ ಆ ಗಿಡ್ಡ ಮಾತು ಬಂದದ್ದಕ್ಕನ ಉದ್ದಂದಕ್ಕೂ ಒಂದು ತೂಕ. ಅದು ನಿನ್ನ ಬಾಯಾಗ ಐತಿ ಮಗಳ. ಪರೀಕ್ಷಾದ ಹಾಳಿ ಕಂಡ ಕೂಡ್ಲೆ ನೀ ಲಗ್ನಕ್ಕ ಬಂದ ಬೀಗರಂಗ ಬಿಗದು ಕುಂದರತಿ, ಅಲ್ಲೇ ಎಲ್ಲಾ ತಪ್ಪೂದು. ಯಾವ ಪ್ರಶ್ನಿ ಬಂದ್ರೂ ನಿನ್ನ ವಾರ್ಡಿನಾಗಿಂದ ಒಂದು ಮನಷ್ಯಾನ್ನ ನೆನಸ್ಕೊಂಡು, ಅವನ ಸುದ್ದಿ ನನಗ ಹೇಳಾಕತ್ತೀನಿ ಅಂತ ತಿಳಕೊಂಡು ಬರಿ. ಮುಗಿದ ಮ್ಯಾಲ ಬಾಯಿಬಿಟ್ಟು ಓದಬ್ಯಾಡ, ಅಲ್ಲೆ ಬೈತಾರ, ತುಟಿಯೊಳಗ ಓದು. ಒಂದ ಉಸರಿನ್ಯಾಗ ಮುಗೀದ ವಾಕ್ಯಾನ ಎರಡು ಮಾಡು.

ಇನ್ನ ಬಾಗಿಲಿನ ಮಾತು. ನಿಮ್ಮಪ್ಪಂದು ಬರೇ ಹಟ ಅನಬ್ಯಾಡ. ಅವನ ಲಗ್ನದಾಗ ಇದ ತಲಬಾಗಿಲದಾಗ ಕೈ ಅಡ್ಡ ಹಿಡದು ನಿಂತಾಕಿ ನಾ. ಹೊರಗ ನಿಮ್ಮವ್ವ ಸುಂದ್ರವ್ವ ಬಾಸಿಂಗದ ಭಾರಕ್ಕ ತಲಿ ಬಾಗಿಸಿ ನಿಂತಾಳ, ಇವ ಹಸದು ಹಲ್ಲು ಕಡ್ಯಾಕತ್ತಾನ. "ಹೆಸರು ಹೇಳ್ರಿ, ನನ್ನ ಮಗಗ ನಿಮ್ಮ ಮಗಳನ್ನ ಕೊಡ್ತೀನಿ ಅನ್ರಿ, ಆಮ್ಯಾಲ ಒಳಗ ಬರ್ರಿ" ಅಂದೆ. "ಕೊಡ್ತೀನವಾ, ಹತ್ತು ಮಂದಿನ್ನ ಕೊಡ್ತೀನಿ, ಮೊದಲ ಉಣ್ಣಾಕ ಬಿಡು" ಅಂದ. ನನಗ ಮಕ್ಕಳಾಗಲಿಲ್ಲ, ನೀ ಪಾರಾದಿ. ಆದ್ರ ಆ ಮಾತಿನ ಮ್ಯಾಲ ನೀ ಹುಟ್ಟಿದ ದಿನದಿಂದ ನನ್ನಾಕೀನ ಆದಿ. ಅಣ್ಣನ ಮನೀ ಹೊಸ್ತಿಲಾಗ ತಂಗಿಗೆ ಒಂದು ಹಕ್ಕೈತಿ ಅಂತ ಮಂದಿ ಮುಂದ ತೋರಿಸೂ ಹೊತ್ತು ಅದು. ಅದಕ್ಕ ನಿಮ್ಮಪ್ಪ ಅಷ್ಟು ಒದ್ದಾಡಾಕತ್ತಾನ, ನಿನಗ ಹಕ್ಕು ತಪ್ಪಬಾರದು ಅಂತ.

ನನ್ನ ಮಾತು ಕೇಳೀದಿ ಅಂದ್ರ ಹೇಳ್ತೀನಿ. ನಿಮ್ಮ ಮಾಮಾ ಹೋದ ಮ್ಯಾಲ ನಾ ಯಾವ ಲಗ್ನದಾಗೂ ಮುಂದ ನಿಂತಿಲ್ಲ. ಒಡಪು ಕಟ್ಟಿಕೊಡ್ತೀನಿ, ಅಕ್ಕಿಕಾಳು ಹಾಕೂ ಹೊತ್ತಿಗೆ ಅಡಗೀಮನಿ ಕಡೆ ಹೋಗಿ ಕುಂದರತೀನಿ. ಹೋಗು ಅಂತ ಯಾರೂ ಅಂದಿಲ್ಲ. ಬಾ ಅಂತಾನೂ ಯಾರೂ ಅಂದಿಲ್ಲ. ಅಲ್ಲೆ ಕುಂತಾಗ ತಿಳದದ್ದು ಇಷ್ಟ: ಬಿಟ್ಟುಕೊಟ್ಟ ಜಾಗಾ ತಾನಾಗೇ ತಿರಗಿ ಬರಂಗಿಲ್ಲ, ನಾವ ಎದ್ದು ಹೋಗಿ ನಿಲ್ಲಬೇಕು. ನಿನ್ನ ಜಾಗಾ ಈಗ ಆ ಪರೀಕ್ಷಾದ ಖೋಲ್ಯಾಗ ಐತಿ. ಅಣ್ಣನ ಲಗ್ನ ನೋಡಲಿಲ್ಲ ಅನ್ನೂ ಸಂಕಟ ಆಗತೈತಿ, ಆಗೂದಿಲ್ಲ ಅಂತ ಸುಳ್ಳು ಹೇಳಂಗಿಲ್ಲ.

ಜ್ವಾಕಿ ಇರು. ನೀರು ಕುಡಿ. ನಿನ್ನ ಖೋಲಿ ಗೆಳತ್ಯಾರಿಗೆ ಈ ಮುದುಕೀದು ಶರಣು ಹೇಳು, ಕಿಶೋರ ಸರ್‌ಗೂ ಹೇಳು. ನೀ ಮುಟ್ಟಿದ ರೋಗಿ ಎದ್ದು ಕುಂದರಲಿ, ನೀ ಬರದ ಮಾತು ಓದಿದವರ ಮನಸಿಗೆ ಹೋಗಲಿ, ಬಸವಣ್ಣ ನಿನ್ನ ಬೆನ್ನಿಗಿರಲಿ.

ನಿನ್ನ
ಅಕ್ಕವ್ವ ಅತ್ತಿ

ತಾ.ಕ.: ಅಂಚೀಮನೀಗೆ ಒಯ್ಯಾಕ ಅಭಿಷೇಕ ಗಾಡಿ ಚಾಲೂ ಮಾಡಿ ಹಾರ್ನ್ ಹೊಡ್ಯಾಕತ್ತಾನ, ಖರೆ ಮಾತು ಈಗ ಬರೀತೀನಿ. ನೀ ಬರಬ್ಯಾಡ. ಬಾಗಿಲು ನಾ ಹಿಡೀತೀನಿ. ಮೊನ್ನಿ ಉಣ್ಣಾಕ ಕುಂತಾಗ ನಿಮ್ಮಪ್ಪಗ ಹೇಳಿದೆ. ತುತ್ತು ಕೈಯಾಗ ಹಿಡದು, "ಅಕ್ಕಾ, ಮಂದಿ ಏನಂತಾರ?" ಅಂದ. "ಮಂದಿ ಬಾಗಿಲ ಹೊರಗಿರ್ತಾರ, ನಾ ಬಾಗಿಲಾಗ ಇರ್ತೀನಿ. ಲಿಂಗ ಕಟ್ಟಿಕೊಂಡ ಕೊರಳಿಗೆ ಯಾವ ಮೈಲಿಗ್ಯೋ?" ಅಂದೆ. ಅವ ಎದ್ದು ಕೈ ತೊಳಕೊಂಡ. ಅಭಿಷೇಕ ತಾನ ಸುಮನ್‌ಗೆ ಫೋನ್ ಹಚ್ಚಿ ಕೇಳಿದ. "ಅತ್ತೀನ ನಿಂದ್ರಲಿ, ಆದ್ರ ನನಗ ಸಣ್ಣ ಒಡಪು ಕಟ್ಟಿಕೊಡ್ರಿ" ಅಂದಳಂತ, ಜಾಣಿ ಅದಾಳ. ಇವತ್ತ ಮುಂಜಾನೆ ನಿಮ್ಮಪ್ಪ ಗೋಕಾಕಿಂದ ಬಂದು ನನ್ನ ಹಾಸಿಗಿ ಮ್ಯಾಲ ಒಂದು ಚೀಲಾ ಇಟ್ಟು ಹೋದ. ಹಸರ ಇಳಕಲ್ ಸೀರಿ, ಕೆಂಪು ಸೆರಗು. ಇಂಥಾ ಬಣ್ಣ ನಾ ಉಡೂದು ಬಿಟ್ಟು ಎಷ್ಟೋ ವರ್ಷ ಆತು. ನಿಮ್ಮವ್ವ ಅಂಚು ಹೊಲ್ಯಾಕ ಕುಂತಾಳ. ನೀ ಟಿಕೀಟ ರದ್ದು ಮಾಡು.